ಕಿನ್ಸೆ: ಹದಿನೈದು ಅಂತ ಹೇಳಿ ಹದಿನಾಲ್ಕು ಎಣಿಸೋದು

ಸ್ಪ್ಯಾನಿಷ್‌ನಲ್ಲಿ 15ಕ್ಕೆ ‘ಕಿನ್ಸೆ’. ಮೆಕ್ಸಿಕೊ, ಕೊಲಂಬಿಯಾ, ಪೆರು ಕಡೆ ಹೀಗೇ. ಸ್ಪೇನ್‌ನ ಹೆಚ್ಚಿನ ಕಡೆ ಕೊನೆಯ ‘ಸೆ’ ಹೇಳುವಾಗ ನಾಲಿಗೆಯ ತುದಿ ಹಲ್ಲುಗಳ ನಡುವೆ ಬರುತ್ತದೆ, ‘ಥೆ’ ಎಂದ ಹಾಗೆ ಕೇಳಿಸುತ್ತದೆ. ಇಂಗ್ಲಿಷ್ ಚಾಳಿಯಲ್ಲಿ ‘ಕ್ವಿನ್ಸ್’ ಅಂದರೆ ಅದು ಒಂದು ಹಣ್ಣು. ಸ್ಪ್ಯಾನಿಷ್‌ನಲ್ಲಿ ಆ ಹಣ್ಣಿಗೆ ‘ಮೆಂಬ್ರಿಯೊ’ ಅಂತ ಬೇರೆ ಹೆಸರೇ ಇದೆ.

ಅಂಕಿ ಕಲಿಯೋದು ಸುಲಭ. ಎಡವೋದು ದಿನ ಎಣಿಸುವಾಗ.

3ನೇ ತಾರೀಖು ಸೋಮವಾರ ಮೆಕ್ಸಿಕೊದಲ್ಲಿ ಯಾರಾದರೂ ‘ದೆ ಓಯ್ ಎನ್ ಕಿನ್ಸೆ’, ಅಂದರೆ ಇವತ್ತಿಗೆ ಹದಿನೈದಕ್ಕೆ ಸಿಗೋಣ ಅಂದರೆ, ಸಿಗಬೇಕಾದ್ದು 17ನೇ ತಾರೀಖು ಸೋಮವಾರ. ಇವತ್ತನ್ನೂ ಸೇರಿಸಿ ಎಣಿಸುತ್ತಾರೆ. ಒಂದು ವಾರಕ್ಕೆ ‘ಎನ್ ಓಚೊ’, ಎಂಟಕ್ಕೆ. ಇಂಗ್ಲಿಷ್ ಮೂಲಕ ಕಲಿತವರು ಇಲ್ಲಿ ತಬ್ಬಿಬ್ಬಾಗುತ್ತಾರೆ. ನಮಗೆ ಆ ಕಷ್ಟ ಇರಬಾರದು: ‘ಎಂಟು ದಿನ ಬಿಟ್ಟು ಬಾ’ ಅಂದರೆ ಮುಂದಿನ ವಾರ ಇದೇ ದಿನ, ‘ಹದಿನೈದು ದಿನಕ್ಕೊಂದ್ಸಲ’ ಅಂದರೆ ಎರಡು ವಾರಕ್ಕೊಮ್ಮೆ ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಕಾಗದಪತ್ರದಲ್ಲಿ ಈ ಸಲಿಗೆ ನಡೆಯೋದಿಲ್ಲ. ಸ್ಪೇನ್‌ನ ಸರ್ಕಾರಿ ನೋಟಿಸು ಅದೇ 3ನೇ ತಾರೀಖು ಕೈಸೇರಿತು ಅನ್ನಿ; ಎಣಿಕೆ ಶುರುವಾಗೋದು 4ರಿಂದ. ‘ಕಿನ್ಸೆ ದಿಯಾಸ್ ನಾತುರಾಲೆಸ್’ ಅಂತಿದ್ದರೆ ರಜೆ, ಭಾನುವಾರ ಎಲ್ಲ ಸೇರಿ 18ಕ್ಕೆ ಮುಗಿಯಿತು. ‘ಆಬಿಲೆಸ್’ ಅಂತಿದ್ದರೆ ಕೆಲಸದ ದಿನ ಮಾತ್ರ. ಶನಿವಾರ, ಭಾನುವಾರ ಬಿಟ್ಟು, ನಡುವೆ ಹಬ್ಬ ಬರದಿದ್ದರೆ 24ರವರೆಗೆ ಸಮಯ. ಹದಿನೈದು ಒಂದೇ, ತಾರೀಖು ಮೂರು. ಆ ಗುಣವಾಚಕ ನೋಡದೆ ಅಂಕಿ ಮಾತ್ರ ಓದಿದವರೇ ಗಡುವು ತಪ್ಪಿಸಿಕೊಳ್ಳೋದು.

‘ಕಿನ್ಸೆನಾ’ ಇದರದೇ ಕೂಸು: ಅರ್ಧ ತಿಂಗಳು, ಮೆಕ್ಸಿಕೊದಲ್ಲಿ ಆ ಅರ್ಧ ತಿಂಗಳ ಸಂಬಳವೂ ಹೌದು. 15ಕ್ಕೊಮ್ಮೆ, ತಿಂಗಳ ಕೊನೆಗೊಮ್ಮೆ ಕೈಗೆ ಬರುತ್ತದೆ. ಅವತ್ತು ಎಟಿಎಂ ಮುಂದೆ ಸಾಲು. ಡಿಸೆಂಬರ್ 20ರೊಳಗೆ ಕೊಡಬೇಕಾದ ವರ್ಷಾಂತ್ಯದ ಬೋನಸ್ಸೂ ಅಲ್ಲಿನ ಕಾರ್ಮಿಕ ಕಾನೂನಿನ ಪ್ರಕಾರ ಕನಿಷ್ಠ 15 ದಿನದ ಸಂಬಳ.

ಸಂತೆಯಲ್ಲಿ ಕಿವಿ ಚುರುಕಾಗಿರಲಿ. 50 ‘ಸಿಂಕ್ವೆಂತಾ’, ಅದು ಬೇರೆಯಾಗಿಯೇ ಕೇಳುತ್ತದೆ. ಮೋಸ ಮಾಡೋದು 500: ‘ಕಿನ್ಯೆಂತೊಸ್’. ‘ಕಿನ್’ ಕೇಳಿದ ಕೂಡಲೇ ಹದಿನೈದು ಪೆಸೊ ಎಣಿಸಬೇಡಿ, ಬಾಲ ಕೇಳುವ ತನಕ ಕಾಯಿರಿ. ಐದಕ್ಕೆ ‘ಸಿಂಕೊ’ ಅಂತ ಗೊತ್ತಿರುವವರು ‘ಸಿಂಕೊಸ್ಯೆಂತೊಸ್’ ಅಂತ ಕಟ್ಟಿಬಿಡುತ್ತಾರೆ. ಅಂಥ ಪದವೇ ಇಲ್ಲ.

ಗಡಿಯಾರದಲ್ಲಿ ಮೂರೂಕಾಲಿಗೆ ‘ಲಾಸ್ ತ್ರೆಸ್ ಇ ಕ್ವಾರ್ತೊ’. ಲ್ಯಾಟಿನ್ ಅಮೆರಿಕದಲ್ಲಿ ‘ಇ ಕಿನ್ಸೆ’ ಅಂದರೂ ಸರಿ. ಮುಕ್ಕಾಲಿಗೆ ಮಾತ್ರ ದಾರಿ ಕವಲೊಡೆಯುತ್ತದೆ: ಮೂರೂಮುಕ್ಕಾಲು ಸ್ಪೇನ್‌ನಲ್ಲಿ ‘ನಾಲ್ಕು ಕಳೆ ಕಾಲು’, ಮೆಕ್ಸಿಕೊದಲ್ಲಿ ‘ನಾಲ್ಕಕ್ಕೆ ಕಾಲು’ ಅಥವಾ ‘ನಾಲ್ಕಕ್ಕೆ ಕಿನ್ಸೆ’.