ಕೋವಿ ಎಲ್ಲಿಂದ ಬಂತು?

2022ರ ಮೇ 25ರ ಬೆಳಗ್ಗೆ ಅಕ್ಕನ ಮಗಳು ಹ್ಯೂಸ್ಟನ್ನಿನಿಂದ ಫೋನು ಮಾಡಿದಾಗ ಅಲ್ಲಿ ಇನ್ನೂ ಹಿಂದಿನ ದಿನದ ರಾತ್ರಿ. ಅದೇ ಟೆಕ್ಸಸ್ ರಾಜ್ಯದ ಯುವಾಲ್ಡಿ ಎಂಬ ಊರಿನ ಪ್ರಾಥಮಿಕ ಶಾಲೆಗೆ ಹದಿನೆಂಟು ವರ್ಷದ ಹುಡುಗನೊಬ್ಬ ನುಗ್ಗಿ 19 ಮಕ್ಕಳನ್ನೂ ಇಬ್ಬರು ಶಿಕ್ಷಕಿಯರನ್ನೂ ಗುಂಡಿಟ್ಟು ಕೊಂದಿದ್ದ. “ನಾಳೆ ಇವನನ್ನು ಶಾಲೆಗೆ ಕಳಿಸಲೋ ಬೇಡವೋ ತಿಳಿಯುತ್ತಿಲ್ಲ, ಚಿಕ್ಕಮ್ಮ” ಎಂದಳು. ಅವಳ ಮಗ ಆಗ ಎರಡನೆಯ ತರಗತಿಯಲ್ಲಿದ್ದ. ಬಂದೂಕು ಹಿಡಿದವನು ಬಂದರೆ ದೀಪ ಆರಿಸಿ, ಬಾಗಿಲಿನ ಗಾಜಿನಿಂದ ಕಾಣದ ಮೂಲೆಯಲ್ಲಿ ಉಸಿರಿನ ಸದ್ದೂ ಕೇಳದ ಹಾಗೆ ಕುಳಿತುಕೊಳ್ಳುವುದನ್ನು ಶಾಲೆಯಲ್ಲಿ ಅವನಿಗೆ ಅಭ್ಯಾಸ ಮಾಡಿಸಿದ್ದರು. ಮಗ್ಗಿ ಒಪ್ಪಿಸಿದಷ್ಟು ಸಲೀಸಾಗಿ ಅವನು ಅದನ್ನು ಹಿಂದೊಮ್ಮೆ ನನಗೆ ವಿವರಿಸಿದ್ದ. ಮುಂಬಯಿ ಬಳಿಯ ಮೀರಾ ರೋಡಿನ ಅಡುಗೆಮನೆಯಲ್ಲಿ ನಿಂತಿದ್ದ ನನಗೆ ಅವಳಿಗೆ ಹೇಳಲು ಒಂದು ಮಾತೂ ತೋಚಲಿಲ್ಲ.

ಆ ಭಾನುವಾರ ನಮ್ಮ ಕನ್ನಡ ಸಂಘದವರು ಸೇರಿದ್ದಾಗ ಮಾತು ಸಹಜವಾಗಿಯೇ ಅತ್ತ ತಿರುಗಿತು. ಬಂದವರಲ್ಲಿ ಹೆಚ್ಚಿನವರ ಮಕ್ಕಳೋ ಅಳಿಯಂದಿರೋ ಅಮೆರಿಕದಲ್ಲಿರುವುದರಿಂದ ಎಲ್ಲರ ಮುಖದಲ್ಲೂ ನಿಜವಾದ ದುಗುಡವಿತ್ತು. ಹುಡುಗನಿಗೆ ತಲೆ ಸರಿ ಇರಲಿಲ್ಲವಂತೆ ಎಂದು ಒಬ್ಬರು, ಅಲ್ಲಿ ಮನೆಯಲ್ಲಿ ಹಿರಿಯರ ಹಿಡಿತವಿಲ್ಲ ಎಂದು ಮತ್ತೊಬ್ಬರು, ಮೊಬೈಲಿನ ಹೊಡೆದಾಟದ ಆಟಗಳಿಂದಲೇ ಇದೆಲ್ಲ ಎಂದು ಇನ್ನೊಬ್ಬರು. ಕೊಂದವನ ಮನಸ್ಸು, ಬಾಲ್ಯ, ಸಹವಾಸಗಳ ಬಗ್ಗೆ ಒಂದು ಗಂಟೆ ಮಾತಾಯಿತು. ಹದಿನೆಂಟರ ಹುಡುಗನ ಕೈಗೆ ಅಂಥ ಕೋವಿ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಮತ್ತು ಮನೆಗೆ ಬಂದ ಮೇಲೆ ಅದು ನನ್ನನ್ನು ಬಹಳ ಕಾಡಿತು.

ಏಕೆಂದರೆ ನನ್ನ ಅಜ್ಜನ ಮನೆಯಲ್ಲಿ ಕೋವಿ ಇತ್ತು. ರಜೆಯಲ್ಲಿ ಮುಂಬಯಿಯಿಂದ ಕಾರ್ಕಳದ ಕಡೆಯ ಆ ಮನೆಗೆ ಹೋದಾಗಲೆಲ್ಲ ಒಳಕೋಣೆಯ ಗೋಡೆಯ ಮೇಲೆ ಒಂಟಿ ನಳಿಗೆಯ ಆ ಕೋವಿಯನ್ನು ನೋಡುತ್ತಿದ್ದೆ. ಕಾಡುಹಂದಿಗಳು ಗದ್ದೆಗೆ ಇಳಿದ ರಾತ್ರಿ ಅಜ್ಜ ಗಾಳಿಯಲ್ಲಿ ಒಂದು ಈಡು ಹಾರಿಸಿ ಅವನ್ನು ಓಡಿಸುತ್ತಿದ್ದರು. ಪರವಾನಗಿಯ ಪುಸ್ತಕವನ್ನು ಜಾಗದ ಕಾಗದಪತ್ರಗಳ ಜೊತೆ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಕೊಂಡ ತೋಟೆಗಳ ಲೆಕ್ಕವನ್ನು ಅದರಲ್ಲಿ ಬರೆಸಬೇಕಿತ್ತು. ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಟ್ಟು ರಸೀದಿ ತರಬೇಕಿತ್ತು. ಬೆಳೆ ನಿಂತಿರುವಾಗ ಚುನಾವಣೆ ಬಂದರೆ ಅಜ್ಜ ಗೊಣಗಿಕೊಳ್ಳುತ್ತಿದ್ದರು, ಆದರೂ ಕೋವಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದರು. ಅವರು ತೀರಿಕೊಂಡ ಮೇಲೆ ಸೋದರಮಾವ ಅದನ್ನು ಠಾಣೆಗೆ ಒಪ್ಪಿಸಿ ಬಂದರು. ಆ ಕೋವಿ ಅಂಗಡಿಯಿಂದ ಹೊರಬಿದ್ದ ದಿನದಿಂದ ಠಾಣೆಯ ಕೋಣೆ ಸೇರಿದ ದಿನದವರೆಗೆ ಅದಕ್ಕೆ ಉತ್ತರ ಕೊಡಬೇಕಾದವರು ಒಬ್ಬರು ಇದ್ದೇ ಇದ್ದರು.

ಅಮೆರಿಕದ ಹತ್ಯಾಕಾಂಡಗಳ ವಿಷಯದಲ್ಲಿ ಈ ಪ್ರಶ್ನೆ ಕೇಳಿದರೆ ಸಿಗುವ ಉತ್ತರಗಳು ಎದೆ ನಡುಗಿಸುತ್ತವೆ. ಯುವಾಲ್ಡಿಯ ಹುಡುಗ ಹದಿನೆಂಟು ತುಂಬಿದ ಕೆಲವೇ ದಿನಗಳಲ್ಲಿ ಎರಡು ರೈಫಲ್‌ಗಳನ್ನು ಕಾನೂನುಬದ್ಧವಾಗಿಯೇ ಕೊಂಡಿದ್ದ. 2012ರ ಡಿಸೆಂಬರ್ 14ರಂದು ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಪುಟ್ಟ ಮಕ್ಕಳನ್ನೂ ಆರು ಮಂದಿ ಹಿರಿಯರನ್ನೂ ಕೊಂದವನು ತನ್ನ ತಾಯಿಯ ಬಂದೂಕುಗಳನ್ನು ಒಯ್ದಿದ್ದ. 1999ರಲ್ಲಿ ಕೊಲಂಬೈನ್ ಶಾಲೆಯಲ್ಲಿ ಹತ್ಯಾಕಾಂಡ ನಡೆಸಿದ ಇಬ್ಬರು ಹುಡುಗರಿಗೆ ಹದಿನೆಂಟು ತುಂಬಿದ್ದ ಗೆಳತಿಯೊಬ್ಬಳು ಅದಕ್ಕೂ ಮೊದಲೇ ಬಂದೂಕು ಮೇಳದಲ್ಲಿ ಖಾಸಗಿ ಮಾರಾಟಗಾರರಿಂದ ಕೋವಿಗಳನ್ನು ಕೊಡಿಸಿದ್ದಳು. ಅಲ್ಲಿ ಕೊಳ್ಳುವವರ ಹಿನ್ನೆಲೆಯ ಪರಿಶೀಲನೆ ಬೇಕಿರಲಿಲ್ಲ. 2007ರ ಏಪ್ರಿಲ್ 16ರಂದು ವರ್ಜೀನಿಯಾ ಟೆಕ್‌ನಲ್ಲಿ 32 ಜನರನ್ನು ಕೊಂದವನ ಮಾನಸಿಕ ಸ್ಥಿತಿ ಅಪಾಯಕಾರಿ ಎಂದು ನ್ಯಾಯಾಲಯ ಮೊದಲೇ ದಾಖಲಿಸಿತ್ತು, ಆದರೆ ಆ ದಾಖಲೆ ಬಂದೂಕು ಮಾರುವವರು ನೋಡುವ ಪಟ್ಟಿಯನ್ನು ತಲುಪಿರಲೇ ಇಲ್ಲ. ಸತ್ತವರಲ್ಲಿ ನಮ್ಮ ಮುಂಬಯಿಯಿಂದ ಓದಲು ಹೋದ ವಿದ್ಯಾರ್ಥಿನಿಯೂ ಇದ್ದಳು. ಆ ಲೋಪ ಬೆಳಕಿಗೆ ಬಂದುದರಿಂದಲೇ ದಾಖಲೆಗಳನ್ನು ಸರಿಯಾಗಿ ಸೇರಿಸಬೇಕೆಂಬ ಕಾನೂನಿಗೆ 2008ರ ಜನವರಿಯಲ್ಲಿ ಅಧ್ಯಕ್ಷರ ಸಹಿ ಬಿತ್ತು. ಬಂದೂಕು ಹಕ್ಕಿನ ಪರವಾಗಿ ಸದಾ ಹೋರಾಡುವ ರಾಷ್ಟ್ರೀಯ ರೈಫಲ್ ಸಂಘವೂ ಅದನ್ನು ಬೆಂಬಲಿಸಿತ್ತು.

ಕೋವಿಯ ಹಾದಿಯನ್ನು ಹಿಡಿದು ಹೋದರೆ ಜಗಳವಾಡುವವರೂ ಒಂದು ಕಡೆ ಸೇರಬಹುದು ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆದರೆ ಹೆಚ್ಚಿನ ಸಲ ಆ ಹಾದಿಯಲ್ಲಿ ನಡೆಯಲು ಬಿಡುವುದಿಲ್ಲ. ಮಕ್ಕಳ ಶವಗಳ ಮುಂದೆ ರಾಜಕೀಯ ಬೇಡ, ಈಗ ಪ್ರಾರ್ಥನೆಯ ಹೊತ್ತು ಎನ್ನುತ್ತಾರೆ. ದುಃಖದ ಹೊತ್ತು ಕಳೆದ ಮೇಲೆ ಮಾತಾಡಲು ಯಾರಿಗೂ ಪುರುಸೊತ್ತಿರುವುದಿಲ್ಲ. ಸ್ಯಾಂಡಿ ಹುಕ್‌ನ ನಾಲ್ಕು ತಿಂಗಳ ನಂತರ, ಮೇಳಗಳಲ್ಲೂ ಅಂತರ್ಜಾಲದಲ್ಲೂ ಮಾರುವ ಬಂದೂಕುಗಳಿಗೆ ಪರಿಶೀಲನೆ ಕಡ್ಡಾಯ ಮಾಡುವ ತಿದ್ದುಪಡಿ ಅಮೆರಿಕದ ಸೆನೆಟ್ಟಿಗೆ ಬಂದಾಗ ಅದರ ಪರವಾಗಿ 54 ಮತಗಳು ಬಿದ್ದವು. ಬೇಕಿದ್ದುದು 60. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು ಅದಕ್ಕಾಗಿ ಸಂಸದರನ್ನು ಒಬ್ಬೊಬ್ಬರನ್ನಾಗಿ ಕಂಡು ಬೇಡಿಕೊಂಡಿದ್ದರು.

ಬೇರೆ ದೇಶಗಳು ದುಃಖ ಹಸಿಯಾಗಿರುವಾಗಲೇ ಈ ಕೆಲಸ ಮಾಡಿವೆ. 1996ರ ಏಪ್ರಿಲ್ 28ರಂದು ಆಸ್ಟ್ರೇಲಿಯದ ಪೋರ್ಟ್ ಆರ್ಥರ್‌ನಲ್ಲಿ 35 ಜನ ಸತ್ತ ಹನ್ನೆರಡೇ ದಿನಗಳಲ್ಲಿ ಅಲ್ಲಿಯ ರಾಜ್ಯಗಳೆಲ್ಲ ಹೊಸ ಒಪ್ಪಂದಕ್ಕೆ ಬಂದವು. ಸರಕಾರ ಹಣ ಕೊಟ್ಟು ಸುಮಾರು 6,50,000 ಬಂದೂಕುಗಳನ್ನು ಮರಳಿ ಪಡೆದು ನಾಶಮಾಡಿತು. ಪ್ರಧಾನಿ ಜಾನ್ ಹೋವರ್ಡ್ ಸಂಪ್ರದಾಯವಾದಿ ಪಕ್ಷದವರು; ಅವರನ್ನು ಗೆಲ್ಲಿಸಿದ ಹಳ್ಳಿಗಾಡಿನವರೇ ಸಿಟ್ಟಾಗಿದ್ದರು, ಒಂದು ಸಭೆಯಲ್ಲಿ ಅವರು ಗುಂಡು ತಡೆಯುವ ಕವಚ ತೊಟ್ಟು ಮಾತಾಡಿದ್ದರು. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಮಸೀದಿಗಳಲ್ಲಿ 51 ಜನರ ಹತ್ಯೆಯಾದಾಗ ಪ್ರಧಾನಿ ಜಸಿಂಡಾ ಆರ್ಡರ್ನ್ ಕೊಂದವನ ಹೆಸರನ್ನು ಎಂದೂ ಉಚ್ಚರಿಸುವುದಿಲ್ಲ ಎಂದರು; ಒಂದು ತಿಂಗಳೊಳಗೆ ಅಲ್ಲಿಯ ಸಂಸತ್ತು ಬಹುತೇಕ ಅರೆಸ್ವಯಂಚಾಲಿತ ಬಂದೂಕುಗಳನ್ನು 119ಕ್ಕೆ 1 ಮತದಿಂದ ನಿಷೇಧಿಸಿತು. ನಾನೂ ಇಲ್ಲಿ ಕೊಂದವರ ಹೆಸರು ಬರೆದಿಲ್ಲ.

ಅಮೆರಿಕದಲ್ಲಿ ಬಂದೂಕು ಇಟ್ಟುಕೊಂಡವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಲು ನನ್ನ ಮನಸ್ಸು ಒಪ್ಪುವುದಿಲ್ಲ. ನೆರೆಮನೆ ಎರಡು ಮೈಲಿ ದೂರವಿದ್ದು, ಪೊಲೀಸರು ಬರಲು ಒಂದು ಗಂಟೆ ಹಿಡಿಯುವ ಕಡೆಯ ರೈತ ಹೇಳುವುದು ನನಗೆ ಅಜ್ಜನ ಮಾತಿನಂತೆಯೇ ಕೇಳಿಸುತ್ತದೆ. ಅವರ ಸಂವಿಧಾನದ ಎರಡನೆಯ ತಿದ್ದುಪಡಿ ವ್ಯಕ್ತಿಗೆ ಬಂದೂಕು ಇಟ್ಟುಕೊಳ್ಳುವ ಹಕ್ಕು ಕೊಡುತ್ತದೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಹೇಳಿತು. ಆ ಹಕ್ಕಿಗೆ ಮಿತಿಗಳಿವೆ ಎಂದು ಅದೇ ತೀರ್ಪಿನಲ್ಲಿ ಬರೆದಿದೆ. ಹಕ್ಕಿರುವ ಕಡೆ ಲೆಕ್ಕವೂ ಇರಲಿ ಎನ್ನುವುದು ಅಜ್ಜನಿಗೆ ಅವಮಾನವಾಗಿ ಕಂಡಿರಲಿಲ್ಲ.

ನಮ್ಮಲ್ಲಿ ಎಲ್ಲವೂ ನೆಟ್ಟಗಿದೆ ಎಂದೂ ನಾನು ಹೇಳುತ್ತಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆ ಬಿಗಿಯಾಗಿದೆ, ಆದರೆ ಕಳ್ಳದಾರಿಯ ನಾಡಪಿಸ್ತೂಲಿಗೆ ಯಾವ ಪುಸ್ತಕವೂ ಇಲ್ಲ. 2023ರ ಜುಲೈ 31ರ ನಸುಕಿನಲ್ಲಿ ಜೈಪುರದಿಂದ ಮುಂಬಯಿಗೆ ಬರುತ್ತಿದ್ದ ರೈಲಿನಲ್ಲಿ ರೈಲ್ವೆ ರಕ್ಷಣಾ ದಳದ ಪೇದೆಯೊಬ್ಬ ತನ್ನ ಮೇಲಧಿಕಾರಿಯನ್ನೂ ಮೂವರು ಪ್ರಯಾಣಿಕರನ್ನೂ ಗುಂಡಿಟ್ಟು ಕೊಂದ ಆರೋಪದಲ್ಲಿ ಸೆರೆಯಾದ. ನಾನು ದಿನವೂ ಚರ್ಚ್‌ಗೇಟಿಗೆ ಹೋಗುವ ಅದೇ ಪಶ್ಚಿಮ ಮಾರ್ಗ. ಅಂದು ಮಹಿಳೆಯರ ಡಬ್ಬಿಯಲ್ಲಿ ನಡೆದದ್ದು ಮತ್ತೆ ಅದೇ ವಾದ, ಅವನಿಗೆ ಹುಚ್ಚೋ ದ್ವೇಷವೋ ಎಂದು. ದ್ವೇಷದ ಪ್ರಶ್ನೆ ಕೇಳಲೇಬೇಕಾದದ್ದು, ಸತ್ತ ಪ್ರಯಾಣಿಕರ ಮನೆಯವರಿಗೆ ಅದರ ಉತ್ತರ ಸಲ್ಲಬೇಕು. ಆದರೆ ಆ ಬಂದೂಕು ಸರಕಾರವೇ ಕರ್ತವ್ಯಕ್ಕೆಂದು ಕೊಟ್ಟದ್ದು. ಅಂಥದನ್ನು ಯಾರ ಕೈಗೆ, ಯಾವ ಪರೀಕ್ಷೆಯ ಮೇಲೆ, ತುಂಬಿದ ರೈಲಿನೊಳಗೆ ಕೊಡುತ್ತಾರೆ ಎಂದು ಆ ದಿನ ನಾನು ಕೇಳಿದೆ. ಬೊರಿವಲಿಯಿಂದ ಅಂಧೇರಿಯವರೆಗೆ ಆ ಡಬ್ಬಿಯಲ್ಲಿ ಮಾತು ಅದರ ಮೇಲೆಯೇ ನಡೆಯಿತು.

ಹತ್ಯಾಕಾಂಡಗಳಷ್ಟೇ ನಮ್ಮ ಕಣ್ಣಿಗೆ ಬೀಳುತ್ತವೆ. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48,830 ಜನ, ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ತಮ್ಮ ಜೀವವನ್ನು ತಾವೇ ತೆಗೆದುಕೊಂಡವರು. ಆದ್ದರಿಂದ ಮನೆಯೊಳಗಿನ ಬಂದೂಕು ಎಲ್ಲಿದೆ, ಹೇಗಿದೆ ಎಂಬುದು ಶಾಲೆಯ ಬಾಗಿಲಿನಷ್ಟೇ ಮುಖ್ಯ.

ಅಕ್ಕನ ಮಗಳು ಈಗ ಒಂದು ರೂಢಿ ಮಾಡಿಕೊಂಡಿದ್ದಾಳೆ. ಮಗ ಹೊಸ ಗೆಳೆಯನ ಮನೆಗೆ ಆಡಲು ಹೋಗುವ ಮೊದಲು ಆ ಮನೆಯವರನ್ನು, ನಿಮ್ಮಲ್ಲಿ ಬಂದೂಕು ಇದೆಯೇ, ಇದ್ದರೆ ಬೀಗ ಹಾಕಿಟ್ಟಿದ್ದೀರಾ ಎಂದು ಕೇಳುತ್ತಾಳೆ. ಮೊದಲ ಸಲ, ಆ ಹುಡುಗನ ತಾಯಿ ಎಲ್ಲಿ ಬೇಸರಪಟ್ಟುಕೊಳ್ಳುತ್ತಾರೋ ಎಂದು ನಾಲ್ಕು ದಿನ ಹಿಂಜರಿದಿದ್ದಳಂತೆ. ಅವರು ಬೇಸರಪಡಲಿಲ್ಲ. ಒಳಗೆ ಕರೆದೊಯ್ದು ಗಂಡನ ಎರಡು ಬೇಟೆಯ ಬಂದೂಕುಗಳಿರುವ ಕಬ್ಬಿಣದ ಕಪಾಟನ್ನೂ, ಬೇರೆ ಕೋಣೆಯಲ್ಲಿ ಬೀಗ ಹಾಕಿಟ್ಟ ಗುಂಡುಗಳ ಪೆಟ್ಟಿಗೆಯನ್ನೂ ತೋರಿಸಿದರಂತೆ. ಬಾಗಿಲವರೆಗೆ ಕಳಿಸಲು ಬಂದಾಗ, ತಮ್ಮ ಮಗನೂ ನಿಮ್ಮ ಮನೆಗೆ ಬರುತ್ತಾನಲ್ಲ, ನಿಮ್ಮಲ್ಲಿ ಇದೆಯೇ ಎಂದು ಅವರೂ ಕೇಳಿದರಂತೆ.