ಕ್ಲಾಸಿನ ಗಾಳಿ ಅಳೆಯುವ ಕೆಲಸ: ಜುಲೈಯಿಂದ ನವೆಂಬರ್‌ವರೆಗೆ

ಜುಲೈ 2021

ಡಿಗ್ರಿ ಕಾಲೇಜುಗಳನ್ನು ಜುಲೈ 26ರಿಂದ ತೆರೆಯಬಹುದು, ಬರುವವರು ಕನಿಷ್ಠ ಒಂದು ಡೋಸ್ ಕೋವಿಡ್ ಲಸಿಕೆ ಹಾಕಿಸಿಕೊಂಡಿರಬೇಕು ಅಂತ ಸರ್ಕಾರದ ಆದೇಶ ಬಂದಿದೆ. ನಮ್ಮ ಕ್ಯಾಂಪಸ್ ಇರುವುದು ಮಂಗಳೂರಿನ ಹೊರಗೆ, ಗುಡ್ಡದ ಮೇಲೆ. ಮಳೆ ಜೋರಾಗಿ ಹೊಡೆಯುವ ಹೊತ್ತಿಗೇ ಮಕ್ಕಳು ವಾಪಸ್ ಬರುತ್ತಾರೆ. ಅಂದರೆ ಮುಚ್ಚಿದ ಕಿಟಕಿ, ಒದ್ದೆ ಕೊಡೆ, ತುಂಬಿದ ಬೆಂಚು. ನನ್ನ ತಲೆಬಿಸಿ ಪೂರ್ತಿ ಇದರದ್ದೇ.

ಗೇಟಿನಲ್ಲಿ ಜ್ವರ ನೋಡುವ ಗನ್ನು, ಸ್ಯಾನಿಟೈಸರ್ ಸ್ಟ್ಯಾಂಡು, ನೆಲದ ಮೇಲೆ ಬಿಳಿ ವೃತ್ತ ಎಲ್ಲ ರೆಡಿ ಇದೆ. ಆದರೆ ಈ ವೈರಸ್ಸು ಗಾಳಿಯಲ್ಲಿ ತೇಲುವ ಸಣ್ಣ ಕಣಗಳ ಮೂಲಕವೂ ಹರಡುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಏಪ್ರಿಲ್ ಕೊನೆಗೆ ಸ್ಪಷ್ಟವಾಗಿ ಹೇಳಿತು. ಮೇ ತಿಂಗಳಲ್ಲಿ ಕೇಂದ್ರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿಯೂ ಹೇಳಿತು: ಆ ಕಣಗಳು 10 ಮೀಟರ್‌ವರೆಗೂ ಹೋಗಬಲ್ಲವು, ಕಿಟಕಿ ಬಾಗಿಲು ತೆರೆದಿಡಿ, ಎಕ್ಸಾಸ್ಟ್ ಫ್ಯಾನ್ ಹಾಕಿ. ವೃತ್ತದಲ್ಲಿ ದೂರ ದೂರ ನಿಂತು ಬಂದವರನ್ನು ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ಕೂರಿಸಿದರೆ ಏನು ಬಂತು?

ವೈರಸ್ಸನ್ನು ಅಳೆಯಲು ನಮ್ಮಿಂದ ಆಗುವುದಿಲ್ಲ. ಆದರೆ ನಾವು ಬಿಡುವ ಉಸಿರಿನಲ್ಲಿ ಸುಮಾರು 4% ಕಾರ್ಬನ್ ಡೈಆಕ್ಸೈಡ್ ಇರುತ್ತದೆ. ಹೊರಗಿನ ಗಾಳಿಯಲ್ಲಿ ಅದು 400 ಪಿಪಿಎಂಗಿಂತ (ಹತ್ತು ಲಕ್ಷ ಪಾಲಿನಲ್ಲಿ 400 ಪಾಲು) ಸ್ವಲ್ಪ ಜಾಸ್ತಿ ಅಷ್ಟೇ. ಕೋಣೆಯೊಳಗೆ ಅದು ಏರುತ್ತಾ ಹೋದರೆ ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆ ಎಂದು ಅರ್ಥ. ಅದನ್ನು ತೋರಿಸುವ ಒಂದು ಮೀಟರ್ ಮಾಡಿ ಕ್ಲಾಸುಗಳಲ್ಲಿ ತೂಗುಹಾಕಬೇಕು ಅಂತ ಕೂತಿದ್ದೇನೆ. ಹಗಲು ಫಿಸಿಕ್ಸ್ ಲ್ಯಾಬ್ ನೋಡಿಕೊಳ್ಳುವುದು, ಸಂಜೆ ಇದು.

ಸೆನ್ಸರ್ ಆಯ್ಕೆಯ ಬಗ್ಗೆ ಸ್ವಲ್ಪ ಬರೆಯಲೇಬೇಕು, ಯಾಕೆಂದರೆ ಎಷ್ಟೋ ಜನ ಇಲ್ಲೇ ದಾರಿ ತಪ್ಪುತ್ತಾರೆ. ಅಗ್ಗದ ಎಂಕ್ಯೂ-135 ಎಲ್ಲ ಕಡೆ ಸಿಗುತ್ತದೆ. ಅದು ಕಾರ್ಬನ್ ಡೈಆಕ್ಸೈಡನ್ನೇ ಗುರುತು ಹಿಡಿಯುವುದಿಲ್ಲ, ಬೇರೆ ಬೇರೆ ಆವಿಗೂ ಓಗೊಡುತ್ತದೆ. ನಮ್ಮ ಎಂಎಸ್ಸಿ ಹುಡುಗಿಯೊಬ್ಬಳು ಅದನ್ನು ಬೋರ್ಡಿಗೆ ಸಿಕ್ಕಿಸಿ, ಪಕ್ಕದಲ್ಲಿ ಕೈಗೆ ಸ್ಯಾನಿಟೈಸರ್ ಹಾಕಿ ತಿಕ್ಕಿದಳು. ಅಂಕಿ ಒಮ್ಮೆಲೇ ಮೇಲೆ ಹಾರಿತು. ಆಲ್ಕೋಹಾಲ್ ವಾಸನೆಗೇ ಹೀಗಾದರೆ, ಗಂಟೆಗೊಮ್ಮೆ ಸ್ಯಾನಿಟೈಸರ್ ಹಾಕುವ ಕ್ಲಾಸಿನಲ್ಲಿ ಅದು ಯಾವ ಕೆಲಸಕ್ಕೂ ಬಾರದು. ಇನ್‌ಫ್ರಾರೆಡ್ ಬೆಳಕಿನಿಂದ ಅಳೆಯುವ ಎಂಎಚ್-ಝಡ್19 ಬೆಲೆ ಜಾಸ್ತಿ, ಆದರೆ ನಂಬಬಹುದು. ಅದಕ್ಕೆ ಒಂದು ಇಎಸ್‌ಪಿ8266 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಮೂರು ಬಣ್ಣದ ದೀಪ, ಕರೆಂಟಿನ ಅಂಗಡಿಯಲ್ಲಿ ಸಿಗುವ ಸ್ವಿಚ್‌ಬೋರ್ಡಿನ ಪ್ಲಾಸ್ಟಿಕ್ ಬಾಕ್ಸು. ಬಾಕ್ಸಿನ ಎರಡು ಬದಿಗೆ ತೂತು ಕೊರೆದಿದ್ದೇವೆ.

800 ಪಿಪಿಎಂ ಒಳಗೆ ಹಸಿರು. ಅಲ್ಲಿಂದ 1200ವರೆಗೆ ಹಳದಿ. ಮೇಲೆ ಹೋದರೆ ಕೆಂಪು. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ಒಬ್ಬರಿಗೆ ಸೆಕೆಂಡಿಗೆ 10 ಲೀಟರ್ ಹೊಸ ಗಾಳಿ. ಸುಮ್ನೆ ಕೂತು ಪಾಠ ಕೇಳುವವರ ಉಸಿರಿನ ಲೆಕ್ಕ ಹಾಕಿದರೆ ಅಷ್ಟು ಗಾಳಿ ಬರುವ ಕೋಣೆಯಲ್ಲಿ ಅಂಕಿ ಸುಮಾರು 900ಕ್ಕೆ ಬರುತ್ತದೆ. ನಾವು ಹಸಿರಿನ ಗೆರೆಯನ್ನು ಅದಕ್ಕಿಂತ ಕೆಳಗೇ ಎಳೆದಿದ್ದೇವೆ.

ಆಗಸ್ಟ್

ಕ್ಲಾಸು ಇನ್ನೂ ತುಂಬಿಲ್ಲ. ವಾರಾಂತ್ಯದ ಕರ್ಫ್ಯೂ ಬೇರೆ. ಇದ್ದಷ್ಟು ಮಕ್ಕಳನ್ನೇ ಇಟ್ಟುಕೊಂಡು ಅಳೆದೆವು.

ಹಳೆ ಬ್ಲಾಕಿಗೆ ಹಂಚಿನ ಮಾಡು. ಅಲ್ಲಿ ಕಿಟಕಿ ಅರ್ಧ ಮುಚ್ಚಿದ್ದರೂ ದೀಪ ಹಸಿರಿನಿಂದ ಅಲ್ಲಾಡಲಿಲ್ಲ. ಹಂಚಿನ ಸಂದಿಯಲ್ಲಿ ಬಿಸಿಗಾಳಿ ಮೇಲಿಂದ ಹೊರಗೆ ಹೋಗುತ್ತದೆ, ಬಾಗಿಲಿನಿಂದ ಹೊಸದು ಒಳಗೆ ಬರುತ್ತದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಇಡೀ ಕರಾವಳಿ ಅದೇ ಮಾಡಿನ ಕೆಳಗೆ ಬಾಳಿತು. ಅದರ ಬೆಲೆ ಈಗ ಅಂಕಿಯಲ್ಲಿ ಕಾಣಿಸಿತು.

ಹೊಸ ಬ್ಲಾಕಿನ ಎಸಿ ಸೆಮಿನಾರ್ ಹಾಲ್ ಹಾಗಲ್ಲ. ಅರ್ಧ ಗಂಟೆಯೊಳಗೆ ಕೆಂಪು, ಮೀಟಿಂಗ್ ಮುಗಿಯುವಾಗ 1800 ದಾಟಿತ್ತು. ಗೋಡೆಗೆ ಹಾಕುವ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದೇ ಇಲ್ಲ, ಇದ್ದದ್ದನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ. ಇದನ್ನು ಬಾಯಲ್ಲಿ ಎಷ್ಟು ಹೇಳಿದರೂ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಕೆಂಪು ದೀಪ ನೋಡಿದ ಮೇಲೆ ಮೀಟಿಂಗುಗಳು ವರಾಂಡಕ್ಕೆ ಬಂದವು.

ಮಳೆಯದ್ದೇ ದೊಡ್ಡ ಪ್ರಶ್ನೆ. ನಮ್ಮಲ್ಲಿ ಮಳೆ ನೇರ ಬೀಳುವುದಿಲ್ಲ, ಕಡಲ ಕಡೆಯಿಂದ ಗಾಳಿಯೊಟ್ಟಿಗೆ ಅಡ್ಡ ಹೊಡೆಯುತ್ತದೆ. ಪಶ್ಚಿಮದ ಕಿಟಕಿ ತೆರೆದರೆ ಪುಸ್ತಕ ಎಲ್ಲ ಒದ್ದೆ. ಮಕ್ಕಳು ಮುಚ್ಚುವುದರಲ್ಲಿ ತಪ್ಪೇ ಇಲ್ಲ. ಹಾಗಾಗಿ ಪೂರ್ವದ ಕಿಟಕಿ ಮತ್ತು ಬಾಗಿಲು ಯಾವಾಗಲೂ ತೆರೆದಿರಬೇಕು ಅಂತ ಮಾಡಿದೆವು. ಪಶ್ಚಿಮದ ಕಡೆ ಮೇಲಿನ ವೆಂಟಿಲೇಟರ್‌ಗೆ ಬಡಿದಿದ್ದ ಹಲಗೆ ತೆಗೆಸಿ, ಹೊರಗಿನಿಂದ ಇಳಿಜಾರಾಗಿ ತಗಡಿನ ಶೀಟು ಹಾಕಿಸಿದೆವು. ಈಗ ನೀರು ಒಳಗೆ ಬರುವುದಿಲ್ಲ, ಗಾಳಿ ಬರುತ್ತದೆ. ಸೀಲಿಂಗ್ ಫ್ಯಾನು ಒಳಗಿನ ಗಾಳಿಯನ್ನು ಕಲಸುತ್ತದೆ ಅಷ್ಟೇ. ಒಂದು ಸ್ಟ್ಯಾಂಡ್ ಫ್ಯಾನನ್ನು ಕಿಟಕಿಯ ಹತ್ತಿರ ಹೊರಗೆ ಮುಖ ಮಾಡಿ ಇಟ್ಟಾಗ ಹಳದಿ ಹಸಿರಿಗೆ ಇಳಿಯುವುದನ್ನು ಕ್ಲಾಸೇ ಕಣ್ಣಾರೆ ನೋಡಿತು.

ಲೈಬ್ರರಿ ಅಕ್ಕ ಈಗ ದಿನಾ ಫೋನ್ ಮಾಡುತ್ತಾರೆ. "ಸಾರ್, ರೀಡಿಂಗ್ ರೂಮಲ್ಲಿ ಹಳದಿ ಉಂಟು. ಹಿಂದಿನ ಬಾಗಿಲು ತೆಗಿಲಾ?" ತೆಗೀರಿ ಅಕ್ಕ, ಕೇಳುವುದೇ ಬೇಡ.

ಸೆಪ್ಟೆಂಬರ್

ಕೇರಳದಿಂದ ಬರುವ ಮಕ್ಕಳಿಗೆ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ರಿಪೋರ್ಟು ಮೊದಲೇ ಕಡ್ಡಾಯವಿತ್ತು. ಆಗಸ್ಟ್ ಕೊನೆಯ ಆದೇಶದಲ್ಲಿ 7 ದಿನದ ಕ್ವಾರಂಟೈನೂ ಸೇರಿತು. ಕಾಸರಗೋಡಿನಿಂದ ಗಡಿಯ ತಲಪಾಡಿ ದಾಟಿ ದಿನಾ ಬಂದು ಹೋಗುತ್ತಿದ್ದ ಮಕ್ಕಳಿಗೆ ಇದು ಎಂಥ ಪೆಟ್ಟು ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಅವರಿಗೆ ಕೇರಳ ಬೇರೆ ರಾಜ್ಯವೇ ಅಲ್ಲ, ಪಕ್ಕದ ಊರು.

ಆದೇಶ ನಾವು ಬದಲಿಸಲು ಆಗುವುದಿಲ್ಲ. ಬಂದವರನ್ನು ಹೇಗೆ ನೋಡಿಕೊಳ್ಳುತ್ತೇವೆ ಎನ್ನುವುದು ನಮ್ಮ ಕೈಯಲ್ಲಿದೆ. ಹಾಸ್ಟೆಲಿನ ಒಂದು ಮಹಡಿ ಅವರಿಗೆ ಬಿಟ್ಟುಕೊಟ್ಟೆವು. ಬಾಗಿಲಿಗೆ ಯಾವ ಬೋರ್ಡೂ ಇಲ್ಲ. ಬ್ಯಾರಿ ಮಾತಾಡುವ ನಮ್ಮ ಹುಡುಗರಿಗೆ ಮಲಯಾಳಂ ಸುಲಭ, ಅವರೇ ಫೋನಿನಲ್ಲಿ ದಿನಾ ಎರಡು ಹೊತ್ತು ಮಾತಾಡಿಸಿದರು. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಹುರುಳಿ ಚಟ್ನಿ ಬಾಗಿಲ ಹೊರಗಿನ ಸ್ಟೂಲಿಗೆ. ಕ್ಲಾಸು ಮೊಬೈಲಿನಲ್ಲಿ, ಹಾಜರಿ ಪೂರ್ತಿ.

ಇಲ್ಲಿ ಮೀಟರ್ ಇಟ್ಟಾಗ ಬೇರೆಯೇ ಸಂಗತಿ ಎದ್ದಿತು. ಹಗಲು ಹಸಿರು, ಸಂಜೆ ಆರರ ಮೇಲೆ ಕೆಂಪು. ಕಾರಣ ಸೊಳ್ಳೆ. ಮಂಗಳೂರಿನಲ್ಲಿ ಮಳೆಗಾಲ ಅಂದರೆ ಮಲೇರಿಯಾದ ಕಾಲ, ಡೆಂಗಿ ಬೇರೆ. ಕತ್ತಲಾಗುತ್ತಲೇ ಕಿಟಕಿ ಮುಚ್ಚಿ ಅಂತ ನಮ್ಮ ಅಜ್ಜಿಯರೂ ಹೇಳಿದ್ದು, ಆರೋಗ್ಯ ಇಲಾಖೆಯೂ ಹೇಳಿದ್ದು. ನಾನೀಗ ಕಿಟಕಿ ತೆಗೆಯಿರಿ ಅನ್ನುತ್ತಿದ್ದೇನೆ. ಕೋವಿಡ್ ತಪ್ಪಿಸಲು ಹೋಗಿ ಮಕ್ಕಳಿಗೆ ಮಲೇರಿಯಾ ತಂದುಕೊಟ್ಟರೆ ಅದು ಸುರಕ್ಷತೆ ಅಲ್ಲ. ಎಲ್ಲ ಕಿಟಕಿಗೂ ಬಲೆ ಹಾಕಿಸುವವರೆಗೆ ನಾನು ವಾರ್ಡನ್ನರ ಬೆನ್ನು ಬಿಡಲಿಲ್ಲ. ಬಲೆ ಹಾಕಿದರೆ ಗಾಳಿ ಕಮ್ಮಿಯಾಗುತ್ತದೆ, ಅದೂ ಮೀಟರಿನಲ್ಲಿ ಕಂಡಿತು. ಧೂಳು ಕೂತ ಬಲೆ ಇನ್ನೂ ಕಷ್ಟ, ತೊಳೆಯುತ್ತಲೇ ಇರಬೇಕು. ಹಾಗಾಗಿ ಒಂದೇ ಕಿಟಕಿ ಸಾಲದು, ಎದುರುಬದುರು ಎರಡು ತೆರೆದಿರಬೇಕು. ಮಲಗುವವರಿಗೆ ಮಂಚಕ್ಕೆ ಸೊಳ್ಳೆಪರದೆ. ಈಗ ರಾತ್ರಿ ಹಳದಿಯಲ್ಲಿ ನಿಲ್ಲುತ್ತದೆ. ಇನ್ನೂ ಇಳಿಸಬೇಕು.

ಕೆಲಸ ಮಾಡುವವರಿಗೆ ಒಂದು ಮಾತು: ಎಂಎಚ್-ಝಡ್19ರ ತಾನಾಗಿ ಸರಿಮಾಡಿಕೊಳ್ಳುವ ವ್ಯವಸ್ಥೆಯನ್ನು ಹಾಸ್ಟೆಲಿನಲ್ಲಿ ಆಫ್ ಮಾಡಿ. ದಿನದಲ್ಲಿ ಕಂಡ ಅತಿ ಕಮ್ಮಿ ಅಂಕಿಯನ್ನೇ ಅದು ಹೊರಗಿನ ಗಾಳಿ ಅಂತ ತಿಳಿಯುತ್ತದೆ. ಯಾವಾಗಲೂ ಜನ ಇರುವ ಕೋಣೆಯಲ್ಲಿ ನಿಧಾನಕ್ಕೆ ಸುಳ್ಳು ಹಸಿರು ತೋರಿಸಲು ಶುರುಮಾಡುತ್ತದೆ. ಆಗಾಗ ಅಂಗಳಕ್ಕೆ ತಂದು ಅರ್ಧ ಗಂಟೆ ಇಟ್ಟು ಸರಿಮಾಡುವುದೇ ಒಳ್ಳೆಯದು.

ಅಕ್ಟೋಬರ್

ಈ ತಿಂಗಳು ಸೋಲ್ಡರಿಂಗ್ ಕಮ್ಮಿ, ಮಾತುಕತೆ ಜಾಸ್ತಿ.

ಮಕ್ಕಳು ಜ್ವರ ಮುಚ್ಚಿಟ್ಟು ಕ್ಲಾಸಿಗೆ ಬರುತ್ತಾರೆ. ಪ್ಯಾರಾಸಿಟಮಾಲ್ ನುಂಗಿ ಬಂದರೆ ಗೇಟಿನ ಗನ್ನಿಗೆ ಏನೂ ಸಿಗುವುದಿಲ್ಲ. ಯಾಕೆ ಹೀಗೆ ಅಂತ ಒಬ್ಬ ಹುಡುಗನನ್ನು ಕೂರಿಸಿ ಕೇಳಿದೆ. "75% ಹಾಜರಿ ಇಲ್ಲದಿದ್ರೆ ಪರೀಕ್ಷೆಗೆ ಕೂರ್ಲಿಕ್ಕೆ ಬಿಡುದಿಲ್ಲಲ್ಲ ಸಾರ್" ಅಂದ. ಅವನು ಹೇಳಿದ್ದು ಸರಿ. ಜ್ವರ ಅಂತ ಹೇಳಿದವನಿಗೆ ನಷ್ಟ, ಮುಚ್ಚಿಟ್ಟವನಿಗೆ ಲಾಭ ಅಂತಾದರೆ ಯಾವ ಮೀಟರೂ ನಮ್ಮನ್ನು ಕಾಯುವುದಿಲ್ಲ. ಪ್ರಿನ್ಸಿಪಾಲರ ಹತ್ತಿರ ಹೋಗಿ ಇದನ್ನೇ ಹೇಳಿದೆವು. ಈಗ ಜ್ವರ ಅಂತ ಮೆಸೇಜ್ ಮಾಡಿದರೆ ಆ ದಿನಗಳ ಹಾಜರಿ ಕಳೆಯುವುದಿಲ್ಲ, ನೋಟ್ಸ್ ಸಿಗುತ್ತದೆ, ಕೋವಿಡ್ ಟೆಸ್ಟಿನ ಜೊತೆಗೆ ಮಲೇರಿಯಾಕ್ಕೂ ರಕ್ತ ನೋಡಿಸಿ ಅಂತ ಹೇಳುತ್ತೇವೆ. ಮೆಸೇಜುಗಳು ಬರಲು ಶುರುವಾಗಿವೆ. ನನಗೆ ಇಡೀ ಪ್ರಾಜೆಕ್ಟಿನಲ್ಲಿ ಅತಿ ಸಮಾಧಾನ ಕೊಟ್ಟದ್ದು ಇದೇ.

ಗೇಟಿನ "ಮಾಸ್ಕ್ ಇಲ್ಲದವರಿಗೆ ಪ್ರವೇಶವಿಲ್ಲ" ಬೋರ್ಡನ್ನೂ ತೆಗೆದೆವು. ಈಗ ಮಾಸ್ಕಿನ ಡಬ್ಬ ಇದೆ, "ಮರೆತು ಬಂದ್ರಾ? ಇಲ್ಲಿಂದ ತಗೊಳ್ಳಿ" ಅಂತ ಕನ್ನಡ, ಮಲಯಾಳಂ, ಇಂಗ್ಲಿಷಿನಲ್ಲಿ ಬರೆದಿದೆ. ವಾಚ್‌ಮನ್ ಅಣ್ಣನಿಗೆ ಜಗಳ ಮಾಡುವ ಕೆಲಸ ತಪ್ಪಿದೆ.

ನವೆಂಬರ್

ಕಿಟಕಿಯೇ ಇಲ್ಲದ ಕಂಪ್ಯೂಟರ್ ಲ್ಯಾಬ್ ಇನ್ನೂ ಬಗೆಹರಿದಿಲ್ಲ. ನಾಲ್ಕು ಫಿಲ್ಟರನ್ನು ಡಬ್ಬದ ಹಾಗೆ ಜೋಡಿಸಿ ಮೇಲೆ ಫ್ಯಾನು ಕೂರಿಸುವ ಕೋರ್ಸಿ–ರೋಸೆಂಥಾಲ್ ಬಾಕ್ಸ್ ಮಾಡುವ ಯೋಚನೆ ಇದೆ. ಅದು ಕಣಗಳನ್ನು ಹಿಡಿಯುತ್ತದೆ, ಕಾರ್ಬನ್ ಡೈಆಕ್ಸೈಡನ್ನು ಹಿಡಿಯುವುದಿಲ್ಲ. ಹಾಗಾಗಿ ಅಲ್ಲಿ ದೀಪ ಕೆಂಪಿದ್ದರೂ ಗಾಳಿ ಮೊದಲಿಗಿಂತ ಚೊಕ್ಕ ಇರಬಹುದು. ಇದನ್ನು ಮಕ್ಕಳಿಗೆ ಮೊದಲೇ ಬಿಡಿಸಿ ಹೇಳಬೇಕು. ಅದಕ್ಕೆ ಬೇಕಾದ ದರ್ಜೆಯ ಫಿಲ್ಟರ್ ಪೇಟೆಯಲ್ಲಿ ಸಿಕ್ಕಿಲ್ಲ. ಸಿಗುವವರೆಗೆ ಅಲ್ಲಿ ಬ್ಯಾಚು ಅರ್ಧ, ಅವಧಿಯೂ ಅರ್ಧ.

ಮುಂದಿನದ್ದು ಪರೀಕ್ಷೆಯ ಹಾಲ್. ಮೂರು ಗಂಟೆ ಯಾರೂ ಏಳದೆ ಕೂರುವ ಜಾಗ. ಮಳೆ ಹೋಗಿದೆ, ಇನ್ನು ಪಶ್ಚಿಮದ ಕಿಟಕಿಯನ್ನೂ ತೆರೆಯಬಹುದು. ಮಧ್ಯಾಹ್ನದ ಮೇಲೆ ಕಡಲಗಾಳಿ ಅಲ್ಲಿಂದಲೇ ಬರುತ್ತದೆ. ಎಕ್ಸಾಸ್ಟ್ ಫ್ಯಾನು ಪೂರ್ವದ ಗೋಡೆಗೆ ಹಾಕಿದರೆ ಎರಡೂ ಒಂದೇ ದಿಕ್ಕಿಗೆ ಎಳೆಯುತ್ತವೆ. ಗೋಡೆ ಕೊರೆಯಲು ಸೋಮವಾರ ಮೇಸ್ತ್ರಿ ಬರುತ್ತಾರೆ.