ಓಕ್‌ಡೇಲಿನ ಸ್ಟ್ಯೂಟ್, ಬ್ಲ್ಯಾಕ್‌ವುಡ್ಡಿನ ಸ್ಟ್ಯೂಟ್

ವೇಲ್ಸಿನ ರಾಜಧಾನಿ ಕಾರ್ಡಿಫ್ ನಗರದ ಅಂಚಿನಲ್ಲಿರುವ ಸೇಂಟ್ ಫ್ಯಾಗನ್ಸ್ ಬಯಲು ವಸ್ತುಸಂಗ್ರಹಾಲಯದಲ್ಲಿ, ಬೇರೆ ಬೇರೆ ಊರುಗಳಿಂದ ಬಿಚ್ಚಿ ತಂದು ಮತ್ತೆ ಕಟ್ಟಿದ ಮನೆಗಳ ನಡುವೆ, ಓಕ್‌ಡೇಲ್ ಎಂಬ ಗಣಿ ಊರಿನ ಕಾರ್ಮಿಕರ ಇನ್‌ಸ್ಟಿಟ್ಯೂಟ್ ನಿಂತಿದೆ. ಕೆಳಗೆ ಗ್ರಂಥಾಲಯ, ವಾಚನಾಲಯ ಮತ್ತು ಸಮಿತಿಯ ಕೊಠಡಿ. ಮೇಲೆ ದೊಡ್ಡ ಸಭಾಂಗಣ. ನಾನು ಹೋದ ದಿನ ಆ ಸಭಾಂಗಣದಲ್ಲಿ ನನ್ನ ಹೆಜ್ಜೆಯ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

ದಕ್ಷಿಣ ವೇಲ್ಸಿನ ಕಲ್ಲಿದ್ದಲು ಕಣಿವೆಗಳ ಜನ ಇಂಥ ಕಟ್ಟಡವನ್ನು ಚಿಕ್ಕದಾಗಿ ‘ಸ್ಟ್ಯೂಟ್’ ಎಂದು ಕರೆಯುತ್ತಾರೆ. ಅದು ಯಾರೋ ದಾನವಾಗಿ ಕೊಟ್ಟದ್ದಲ್ಲ ಎಂಬುದೇ ಅದರ ವಿಶೇಷ. ಇದೇ ಕಣಿವೆಗಳ ಟ್ರಿಯೋರ್ಕಿ ಊರಿನ ಪಾರ್ಕ್ ಅಂಡ್ ಡೇರ್ ಸಭಾಂಗಣಕ್ಕಾಗಿ ಗಣಿಗರು ತಮ್ಮ ಕೂಲಿಯ ಪ್ರತಿ ಪೌಂಡಿಗೆ ಒಂದು ಪೆನ್ನಿಯಂತೆ ಕೊಟ್ಟರು; ಆಗ ಪೌಂಡಿಗೆ 240 ಪೆನ್ನಿ. ಓಕ್‌ಡೇಲಿನವರು ಗಣಿ ಕಂಪನಿಯಿಂದಲೇ ಸಾಲ ಪಡೆದು 1917ರಲ್ಲಿ ಬಾಗಿಲು ತೆರೆದರು. 1920ರ ಗಣಿ ಕಾಯ್ದೆ, ತೆಗೆದ ಪ್ರತಿ ಟನ್ ಕಲ್ಲಿದ್ದಲಿಗೂ ಮಾಲೀಕರಿಂದ ಒಂದು ಪೆನ್ನಿ ವಸೂಲು ಮಾಡಿ ಗಣಿಗರ ಕ್ಷೇಮನಿಧಿಗೆ ಸೇರಿಸತೊಡಗಿದ ಮೇಲೆ ಇಂಥ ಕಟ್ಟಡಗಳು ಇನ್ನಷ್ಟು ಎದ್ದವು. (ನಮ್ಮ ಕೆಜಿಎಫ್‌ನಲ್ಲಿ ಕ್ಲಬ್ ಎಂದರೆ ಮೊದಲಿಗೆ ಬ್ರಿಟಿಷ್ ಅಧಿಕಾರಿಗಳ ಜಾಗವಾಗಿತ್ತು ಎಂಬುದು ಇಲ್ಲಿ ನೆನಪಾಗದೆ ಇರದು.)

ದುಡ್ಡು ತಮ್ಮದಾದ್ದರಿಂದ ಯಾವ ಪುಸ್ತಕ ತರಿಸಬೇಕು, ಸಭಾಂಗಣವನ್ನು ಯಾರಿಗೆ ಕೊಡಬೇಕು ಎಂಬುದನ್ನೂ ಗಣಿಗರ ಸಮಿತಿಯೇ ತೀರ್ಮಾನಿಸುತ್ತಿತ್ತು. ಹದಿಮೂರರ ವಯಸ್ಸಿಗೇ ಗಣಿಗಿಳಿದ, ಮುಂದೆ ಆರೋಗ್ಯ ಸಚಿವನಾಗಿ 1948ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಜಾರಿಗೆ ತಂದ ಅನೈರಿನ್ ಬೆವನ್ ಓದಿದ್ದು ಟ್ರೆಡೆಗರ್‌ನ ಇಂಥದೇ ಗ್ರಂಥಾಲಯದಲ್ಲಿ. ಅದೇ ಸೂರಿನಡಿ ಗಾಯನ, ನಾಟಕ, ನೃತ್ಯ, ಕಾರ್ಮಿಕ ಸಂಘದ ಸಭೆ ಎಲ್ಲವೂ ನಡೆದವು. ಗಣಿ ಮುಚ್ಚುವುದರ ವಿರುದ್ಧ ಗಣಿಗರು ಹೂಡಿದ 1984–85ರ ಮುಷ್ಕರದಲ್ಲಿ ಇಂಥ ಹಲವು ಸಭಾಂಗಣಗಳು ಗಣಿಗರ ಕುಟುಂಬಗಳಿಗೆ ದಿನಸಿ ಹಂಚುವ ಜಾಗಗಳಾದವು.

ಗಣಿ ನಿಂತರೆ ಕೂಲಿಯ ಪೆನ್ನಿಯೂ ನಿಲ್ಲುತ್ತದೆ. ಓಕ್‌ಡೇಲ್ ಗಣಿ 1989ರಲ್ಲಿ ಮುಚ್ಚಿತು. ಅದಕ್ಕೂ ಮೊದಲೇ ಬಾಗಿಲು ಹಾಕಿದ್ದ ಇನ್‌ಸ್ಟಿಟ್ಯೂಟ್ 1995ರಲ್ಲಿ ಸೇಂಟ್ ಫ್ಯಾಗನ್ಸ್‌ನಲ್ಲಿ ಮತ್ತೆ ತೆರೆಯಿತು. ಕಟ್ಟಡ ಉಳಿಯಿತು ನಿಜ, ಆದರೆ ಊರಿಗೆ ಅದು ಇಲ್ಲವಾಯಿತು. ಓಕ್‌ಡೇಲಿನ ಪಕ್ಕದ ಊರು ಬ್ಲ್ಯಾಕ್‌ವುಡ್ಡಿನ ಸ್ಟ್ಯೂಟ್ ನನಗೆ ಹೆಚ್ಚು ಮೆಚ್ಚುಗೆ. 1925ರಲ್ಲಿ ಒಂದೇ ಅಂತಸ್ತಿನ ಸ್ನೂಕರ್ ಹಾಲ್ ಆಗಿ ಆರಂಭಗೊಂಡು, 1936ರಲ್ಲಿ ಮೇಲಕ್ಕೆ ಬೆಳೆದ ಆ ಸ್ಟ್ಯೂಟ್, 1992ರಲ್ಲಿ ದುರಸ್ತಿಗೊಂಡು ರಂಗಮಂದಿರವಾಯಿತು. ಇಂದಿಗೂ ಅಲ್ಲಿ ಟಿಕೆಟ್ ಮಾರಾಟವಾಗುತ್ತದೆ, ಪರದೆ ಏಳುತ್ತದೆ.